ಒಬ್ಬನಿಗೆ 16, ಇನ್ನೊಬ್ಬನಿಗೆ 19: ಅಂಗಡಿ ಮುಂದೆ ಮಲಗೋ ಹುಡುಗರಿಗೆ ಏನ್ ಮಾಡ್ಬಹುದು?

ಪ್ರಶ್ನೆ: ಯಶವಂತಪುರ ಎಪಿಎಂಸಿ ಯಾರ್ಡ್ ಹತ್ರ ಟಿಫನ್ ಅಂಗಡಿ ಇಟ್ಕೊಂಡಿದೀನಿ. ಎರಡು ಮೂರು ತಿಂಗಳಿಂದ ಇಬ್ಬರು ಹುಡುಗ್ರು ರಾತ್ರಿ ನಮ್ಮ ಅಂಗಡಿ ಕಟ್ಟೆ ಮೇಲೆ ಮಲಗ್ತಾರೆ. ರಾಯಚೂರು ಕಡೆಯೋರು. ಒಬ್ಬ 16 ಅಂತಾನೆ, ಇನ್ನೊಬ್ಬ 19 ಅಂತಾನೆ. ಈರುಳ್ಳಿ ಮೂಟೆ ಇಳಿಸೋ ಕೆಲಸ ಸಿಕ್ಕಿದ ದಿನ ಹೋಗ್ತಾರೆ, ಸಿಗದ ದಿನ ನಾನೇ ಏನಾದ್ರೂ ತಿನ್ನೋಕೆ ಕೊಡ್ತೀನಿ. ಚಿಕ್ಕೋನ ಕೈಲಿ ಒಂದ್ಸಲ ಸೊಲ್ಯೂಷನ್ (ನಶೆಗೆ ಮೂಸೋ ಅಂಟು) ಹಚ್ಚಿದ ಬಟ್ಟೆ ನೋಡ್ದೆ. 1098ಗೆ ಫೋನ್ ಮಾಡಿದ್ರೆ ಬೆಗ್ಗರ್ಸ್ ಕಾಲೊನಿಗೆ ಹಾಕ್ಬಿಡ್ತಾರೆ ಅಂತ ಪಕ್ಕದ ಅಂಗಡಿಯೋರು ಹೆದರಿಸ್ತಾರೆ. ನಾನೇ ಇಬ್ಬರನ್ನೂ ಕೆಲಸಕ್ಕೆ ಇಟ್ಕೊಂಡು ಮೇಲಿನ ರೂಮಲ್ಲಿ ಮಲಗಿಸಿಕೊಳ್ಳಲಾ?

ಉತ್ತರ: ಮೊದಲು ಪಕ್ಕದ ಅಂಗಡಿಯೋರ ಮಾತು ಮುಗಿಸಿಬಿಡ್ತೀನಿ, ಯಾಕಂದ್ರೆ ಆ ಭಯ ಇರೋತನಕ ನೀವು ಫೋನ್ ಮುಟ್ಟಲ್ಲ. ಜನ ಬೆಗ್ಗರ್ಸ್ ಕಾಲೊನಿ ಅನ್ನೋದು ಮಾಗಡಿ ರೋಡಲ್ಲಿ ಸುಮನಹಳ್ಳಿ ಹತ್ರ ಇರೋ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಅಂತ ಒಂದಿದೆ, ಅದರ ಪ್ರಕಾರ ಭಿಕ್ಷೆ ಬೇಡೋರನ್ನ ಹಿಡ್ಕೊಂಡು ಹೋಗಿ ಇಡೋ ಜಾಗ ಅದು. 2010ರ ಆಗಸ್ಟಲ್ಲಿ ಅಲ್ಲಿ ಕೆಲವೇ ದಿನದಲ್ಲಿ 20ಕ್ಕೂ ಜಾಸ್ತಿ ಜನ ತೀರ್ಕೊಂಡು ರಾಜ್ಯಪೂರ್ತಿ ಗಲಾಟೆ ಆಗಿತ್ತು. ಅದಕ್ಕೇ ಬೀದಿಲಿರೋರಿಗೆ ಆ ಹೆಸರು ಕೇಳಿದ್ರೆ ಈಗಲೂ ಮೈ ನಡುಗುತ್ತೆ, ನಾನದನ್ನ ಸುಳ್ಳು ಭಯ ಅಂತ ಹೇಳಲ್ಲ. ಆದ್ರೆ 1098ಕ್ಕೂ ಅದಕ್ಕೂ ಸಂಬಂಧ ಇಲ್ಲ. 1098 ಮಕ್ಕಳ ಸಹಾಯವಾಣಿ, ಅದು ಕರ್ಕೊಂಡು ಹೋಗೋದು ಮಕ್ಕಳ ಕಲ್ಯಾಣ ಸಮಿತಿ ಮುಂದೆ. ಮಕ್ಕಳನ್ನ ಭಿಕ್ಷೆಗೆ ಹಚ್ಚಿದ್ರೆ ಬಾಲನ್ಯಾಯ ಕಾಯ್ದೆಲಿ ಹಚ್ಚಿದೋನು ಅಪರಾಧಿ, ಮಗು ಅಲ್ಲ. ಅಲ್ಲದೆ ನಿಮ್ಮ ಹುಡುಗ್ರು ಭಿಕ್ಷೆನೂ ಬೇಡ್ತಿಲ್ಲ, ಮೂಟೆ ಹೊರ್ತಿದಾರೆ.

ಈಗ ಮುಖ್ಯ ವಿಷಯ. ನೀವು ಇಬ್ಬರನ್ನೂ ಒಟ್ಟಿಗೆ ನೋಡ್ತಿದೀರ, ಇಬ್ಬರೂ ಒಂದೇ ಕಟ್ಟೆ ಮೇಲೆ ಒಂದೇ ಚೀಲ ಹೊದ್ಕೊಂಡು ಮಲಗೋರು. ಕಾನೂನು ಮಾತ್ರ ಇವರನ್ನ ಬೇರೆ ಬೇರೆ ಲೋಕದೋರು ಅಂತ ನೋಡುತ್ತೆ. 18 ತುಂಬೋಕೆ ಒಂದು ದಿನ ಬಾಕಿ ಇದ್ರೂ ಅವನ ಊಟ, ವಸತಿ, ಓದು, ಡಾಕ್ಟ್ರು ಎಲ್ಲ ಸರ್ಕಾರದ ಜವಾಬ್ದಾರಿ, ಕೇಳೋಕೆ ಒಂದು ಸಮಿತಿ ಇದೆ, ಕೊಡದಿದ್ರೆ ಯಾಕೆ ಕೊಟ್ಟಿಲ್ಲ ಅಂತ ದಬಾಯಿಸ್ಬಹುದು. 18 ತುಂಬಿದ ಮಾರನೇ ದಿನ ಅವನು ಬರೀ ವಸತಿರಹಿತ, ಅಂದ್ರೆ ಜಾಗ ಇದ್ರೆ ಮಲಗು ಇಲ್ದಿದ್ರೆ ನಿನ್ನ ಪಾಡು ನೋಡ್ಕೋ. ಅದಕ್ಕೇ ಇಂಥ ಹುಡುಗ್ರ ವಿಷಯದಲ್ಲಿ ಮೊದಲು ಮಾಡೋ ಕೆಲಸ ಅನ್ನ ಹಾಕೋದಲ್ಲ (ಅದನ್ನ ನೀವು ಆಗ್ಲೇ ಮಾಡ್ತಿದೀರ), ವಯಸ್ಸು ಗೊತ್ತುಮಾಡ್ಕೊಳ್ಳೋದು.

ಅವರು ಬಾಯಲ್ಲಿ ಹೇಳೋ ವಯಸ್ಸನ್ನ ನಂಬ್ಬೇಡಿ. ಸುಳ್ಳುಬುರುಕರು ಅಂತಲ್ಲ. ಯಾರ್ಡಲ್ಲಿ ಮೇಸ್ತ್ರಿ ಚಿಕ್ಕ ಹುಡುಗ್ರನ್ನ ಕೆಲಸಕ್ಕೆ ಕರೆಯಲ್ಲ ಅಂತ 17ರವನು 19 ಅಂತಾನೆ, ಪೊಲೀಸ್ ಹಿಡಿದಾಗ 20ರವನು 17 ಅಂತಾನೆ, ಎಷ್ಟೋ ಜನಕ್ಕೆ ನಿಜವಾಗ್ಲೂ ಗೊತ್ತಿರಲ್ಲ. ನಿಮ್ಮ ದೊಡ್ಡೋನು 19 ಅಂತ ಹೇಳ್ತಿರೋದು ಈ ಥರದ್ದೇ ಇರ್ಬಹುದು, ಅವನಿಗೆ ಇನ್ನೂ 18 ಆಗಿಲ್ಲ ಅಂತಾದ್ರೆ ಈ ಉತ್ತರದ ಅರ್ಧ ಭಾಗ ನೀವು ಓದೋದೇ ಬೇಡ. ವಯಸ್ಸಿನ ಪ್ರಶ್ನೆ ಬಂದ್ರೆ ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಕ್ರಮ ಹೇಳುತ್ತೆ: ಮೊದಲು ಶಾಲೆ ದಾಖಲೆ ಇಲ್ಲಾ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡು, ಅದಿಲ್ದಿದ್ರೆ ಪಂಚಾಯ್ತಿಯೋ ಮುನಿಸಿಪಾಲ್ಟಿಯೋ ಕೊಟ್ಟ ಜನನ ಪತ್ರ, ಎರಡೂ ಇಲ್ದಿದ್ರೆ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಈ ಪಟ್ಟಿಲೇ ಇಲ್ಲ ಗಮನಿಸಿ. ಸರ್ಕಾರಿ ಶಾಲೆಲಿ ಎರಡು ಮೂರು ಕ್ಲಾಸ್ ಆದ್ರೂ ಓದಿದ್ರೆ ಹೆಡ್‌ಮಾಸ್ಟರ್ ರಿಜಿಸ್ಟರಲ್ಲಿ ಹುಟ್ಟಿದ ದಿನ ಇರುತ್ತೆ, ಇತ್ತೀಚಿನ ಮಕ್ಕಳದ್ದಾದ್ರೆ ಶಾಲಾ ಮಕ್ಕಳ ದಾಖಲೆ ಇಡೋ ಎಸ್‌ಎಟಿಎಸ್ ಕಂಪ್ಯೂಟರಲ್ಲೂ ಇರುತ್ತೆ. ಊರು, ಶಾಲೆ, ಮೇಷ್ಟ್ರ ಹೆಸರು ಇಷ್ಟನ್ನ ಕೇಳಿ, ಅದೂ ಒಂದೇ ಸಲ ಪೊಲೀಸಪ್ಪನ ಥರ ಕೂರಿಸ್ಕೊಂಡು ಅಲ್ಲ, ಟೀ ಕುಡಿಯೋವಾಗ ಒಂದೊಂದೇ. ಊರಿನ ಹೆಸರು ಹೇಳಲ್ಲ ಅಂದ್ರೆ ಬಿಡಿ, ಮನೆಲಿ ಏನೋ ಆಗಿದೆ ಅಂತ ಅರ್ಥ, ಆ ಮಾತು ಬರೋಕೆ ಟೈಮ್ ಬೇಕು.

ಚಿಕ್ಕೋನ ವಿಷಯ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಮನೆಯಿಲ್ದೆ, ನೋಡ್ಕೊಳ್ಳೋರಿಲ್ದೆ ಇರೋ 18ರ ಒಳಗಿನ ಯಾರೇ ಆದ್ರೂ ಆರೈಕೆ ಮತ್ತು ರಕ್ಷಣೆ ಬೇಕಾದ ಮಗು. ಮೀಸೆ ಚಿಗುರಿದ್ರೂ ಮಗುನೇ. ಅಂಥವನನ್ನ ವಶಕ್ಕೆ ತಗೊಂಡೋರು ಮಕ್ಕಳ ಕಲ್ಯಾಣ ಸಮಿತಿ ಮುಂದೆ 24 ಗಂಟೆ ಒಳಗೆ (ಪ್ರಯಾಣದ ಟೈಮ್ ಬಿಟ್ಟು) ಹಾಜರು ಮಾಡ್ಬೇಕು. ಬಹಳ ಜನಕ್ಕೆ ಗೊತ್ತಿಲ್ದಿರೋದು ಏನಂದ್ರೆ ಇದನ್ನ ಪೊಲೀಸೇ ಮಾಡ್ಬೇಕು ಅಂತಿಲ್ಲ, ನಿಮ್ಮಂಥ ಸಾಮಾನ್ಯ ನಾಗರಿಕರೂ ಕರ್ಕೊಂಡು ಹೋಗ್ಬಹುದು, ಹುಡುಗ ತಾನೇ ನಡ್ಕೊಂಡು ಹೋಗಿ ನಾನು ಬಂದಿದೀನಿ ಅಂತ ಹೇಳ್ಬಹುದು. ಸಮಿತಿಲಿ ಒಬ್ಬರು ಅಧ್ಯಕ್ಷರು, ನಾಲ್ಕು ಸದಸ್ಯರು, ಅದರಲ್ಲಿ ಒಬ್ಬರಾದ್ರೂ ಹೆಂಗಸು ಇರ್ಲೇಬೇಕು. ತಿಂಗಳಿಗೆ ಕನಿಷ್ಠ 20 ದಿನ ಕೂರ್ಬೇಕು, ಮ್ಯಾಜಿಸ್ಟ್ರೇಟ್ ಅಧಿಕಾರ ಇದೆ. ಆದ್ರೆ ಇದು ಕೋರ್ಟಲ್ಲ, ಹುಡುಗನ ಮೇಲೆ ಕೇಸೂ ಬೀಳಲ್ಲ. ಇದನ್ನ ಅವನಿಗೆ ನಾಲ್ಕು ಸಲ ಹೇಳಿ, ಯಾಕಂದ್ರೆ ಅವನ ತಲೇಲಿ ಸ್ಟೇಷನ್, ಲಾಕಪ್, ಲಾಠಿ ಇಷ್ಟೇ ಇರುತ್ತೆ. ಪೊಲೀಸರೇ ಬಂದ್ರೂ ಪ್ರತಿ ಸ್ಟೇಷನ್ನಲ್ಲೂ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಇರ್ತಾರೆ, ಅವರನ್ನೇ ಕೇಳಿ ಮಾತಾಡಿ.

ನಾನು ಬೇಡ ಅನ್ನೋದು ಒಂದೇ, ಅವನಿಗೆ ಹೇಳ್ದೆ ಫೋನ್ ಮಾಡೋದು. ಬೆಳಿಗ್ಗೆ ಎದ್ದು ನೋಡಿದ್ರೆ ಯಾರೋ ನಾಲ್ಕು ಜನ ಸುತ್ತ ನಿಂತಿದ್ರೆ ಅವನು ಓಡ್ತಾನೆ. ಓಡಿದೋನು ನಿಮ್ಮ ಕಟ್ಟೆಗೆ ವಾಪಸ್ ಬರಲ್ಲ, ದಾಸರಹಳ್ಳಿಗೋ ಮೆಜೆಸ್ಟಿಕ್ಕಿಗೋ ಹೋಗ್ತಾನೆ, ಅಲ್ಲಿ ಅವನಿಗೆ ಸಿಗೋರು ಟಿಫನ್ ಕೊಡೋರಾಗಿರಲ್ಲ.

1098 ಬಗ್ಗೆ ಒಂದು ಮಾತು ಹೇಳ್ಲೇಬೇಕು. 1996ರಲ್ಲಿ ಮುಂಬೈಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಲಿದ್ದ ಜೆರೂ ಬಿಲಿಮೋರಿಯಾ ಇದನ್ನ ಶುರು ಮಾಡಿದ್ದು, ರೈಲ್ವೆ ಸ್ಟೇಷನ್ ಮಕ್ಕಳು ರಾತ್ರಿ ಹೊತ್ತು ಕರೆಯೋಕೆ ಒಂದು ನಂಬರ್ ಬೇಕು ಅಂತ. ಆಮೇಲೆ ವರ್ಷಗಟ್ಟಲೆ ಊರೂರಲ್ಲಿ ಎನ್‌ಜಿಒಗಳ ಕಡೆಯಿಂದ ನಡೀತು, ಫೋನ್ ಮಾಡಿದ್ರೆ ಬರ್ತಿದ್ದೋನು ಆ ಏರಿಯಾದ ಫುಟ್‌ಪಾತ್ ಗೊತ್ತಿರೋ ಕಾರ್ಯಕರ್ತ. 2023ರಲ್ಲಿ ಕೇಂದ್ರ ಸರ್ಕಾರ ಮಿಷನ್ ವಾತ್ಸಲ್ಯ ಅನ್ನೋ ಮಕ್ಕಳ ರಕ್ಷಣಾ ಯೋಜನೆ ಅಡಿಲಿ ಇದನ್ನ ತಾನೇ ತಗೊಂಡು ತುರ್ತು ನಂಬರ್ 112ರ ಜೊತೆ ಜೋಡಿಸ್ತು, ಈಗ ಕಂಟ್ರೋಲ್ ರೂಮ್, ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಹಿಂಗೆ ಹೋಗುತ್ತೆ. ಅಧಿಕಾರ ಜಾಸ್ತಿ ಆಗಿದೆ ಒಪ್ಕೊಳ್ತೀನಿ, ಆದ್ರೆ ಹುಡುಗನ ಪಕ್ಕ ನೆಲದ ಮೇಲೆ ಕೂತು ಅರ್ಧ ಗಂಟೆ ಸುಮ್ನೆ ಮಾತಾಡೋ ವ್ಯವಧಾನ ಕಮ್ಮಿ ಆಗಿದೆ ಅನ್ನೋದು ನನ್ನ ಅನಿಸಿಕೆ. ಅದಕ್ಕೆ ಹುಡುಗ ಅಪಾಯದಲ್ಲಿದ್ರೆ, ಅಂದ್ರೆ ಪೆಟ್ಟಾಗಿದೆ, ಜ್ವರ ಬಂದು ಎಚ್ಚರ ಇಲ್ಲ, ಯಾರೋ ಎಳ್ಕೊಂಡು ಹೋಗ್ತಿದಾರೆ ಅಂದ್ರೆ, ಹಿಂದೆ ಮುಂದೆ ನೋಡ್ದೆ 1098 ಒತ್ತಿ. ಅಷ್ಟು ಅರ್ಜೆಂಟ್ ಇಲ್ದಿದ್ರೆ ಮೊದಲು ಬೀದಿ ಮಕ್ಕಳ ಜೊತೆ ಕೆಲಸ ಮಾಡೋ ಸಂಸ್ಥೆಯೋರನ್ನ ಕರೆಸಿ. ಬೆಂಗಳೂರಲ್ಲಿ ಬಾಸ್ಕೊ ಇದೆ. ಹೆಸರು ಕೇಳಿ ಬರೀ ಪಾದ್ರಿಗಳ ಸ್ಕೂಲು ಅನ್ಕೊಬೇಡಿ, ಬೆಂಗಳೂರು ಓಣಿಯವರ ಸೇವಾ ಕೂಟ ಅನ್ನೋದರ ಇಂಗ್ಲಿಷ್ ಮೊದಲಕ್ಷರ ಸೇರಿಸಿದ್ರೆ ಬಾಸ್ಕೊ, 1980ರಿಂದ ಇದೇ ಕೆಲಸ. ಅಪ್ಸಾ ಇದೆ, 1981ರದ್ದು, ಅವರ ನಮ್ಮನೆ ಅನ್ನೋ ಆಶ್ರಯ ಕೇಂದ್ರಕ್ಕೆ ಕಷ್ಟದಲ್ಲಿರೋ ಮಕ್ಕಳನ್ನ ತಗೊಳ್ತಾರೆ. ಇಂಥೋರು ಬಂದು ಎರಡು ಮೂರು ಸಲ ಸುಮ್ನೆ ಭೇಟಿ ಆಗಿ ಹೋದ್ರೆ ಆಮೇಲೆ ಹುಡುಗ ತಾನೇ ಆಟೋ ಹತ್ತುತಾನೆ.

ಸಮಿತಿ ಮುಂದೆ ಹೋದ ಮೇಲೆ ಏನಾಗುತ್ತೆ? ಅವತ್ತೇ ಊರಿಗೆ ಕಳಿಸಿಬಿಡಲ್ಲ. ಮನೆ ಪರಿಸ್ಥಿತಿ ಏನು ಅಂತ 15 ದಿನದಲ್ಲಿ ವರದಿ ತರಿಸ್ತಾರೆ, ನಿಮ್ಮ ಹುಡುಗನದ್ದಾದ್ರೆ ರಾಯಚೂರಿನ ಮಕ್ಕಳ ರಕ್ಷಣಾ ಘಟಕದೋರು ಮನೆಗೆ ಹೋಗಿ ನೋಡ್ಬೇಕು. ಅಲ್ಲಿ ತನಕ ಬಾಲಮಂದಿರ ಇಲ್ಲಾ ತೆರೆದ ತಂಗುದಾಣ. ಹೆಸರೇ ಹೇಳೋ ಹಾಗೆ ತಂಗುದಾಣ ಸ್ವಲ್ಪ ಸಡಿಲ. ಬೀದಿಲಿ ತಿಂಗಳುಗಟ್ಟಲೆ ತನ್ನಿಷ್ಟಕ್ಕೆ ಇದ್ದ 16ರ ಹುಡುಗನನ್ನ ನೇರವಾಗಿ ಗೇಟು ಬೀಗ ಇರೋ ಕಡೆ ಹಾಕಿದ್ರೆ ಕಾಂಪೌಂಡ್ ಹಾರೋ ಸಾಧ್ಯತೆನೇ ಜಾಸ್ತಿ. ಅದಕ್ಕೆ ಸಮಿತಿ ಮುಂದೆ ಜೊತೆಗೆ ಹೋದೋರು ತಂಗುದಾಣ ಕೊಡಿ ಅಂತ ಕೇಳ್ಬಹುದು, ಹುಡುಗನೂ ಕೇಳ್ಬಹುದು, ಅವನ ಮಾತು ಕೇಳೋದು ಸಮಿತಿಯ ಕರ್ತವ್ಯ.

ಮನೆಗೆ ಕಳಿಸೋದೇ ಸರಿ ಅಂತಾದ್ರೆ ಬರೀ ಬಸ್ ಹತ್ತಿಸಿ ಕಳಿಸೋದಲ್ಲ. ರಾಯಚೂರು, ಯಾದಗಿರಿ ಕಡೆಯಿಂದ ಬರೋ ಹುಡುಗ್ರನ್ನ ಕೇಳಿ ನೋಡಿ, ಅಪ್ಪ ಹೊಡೆದ ಅಂತ ಬಂದೋರು ಇರ್ತಾರೆ, ಆದ್ರೆ ಬಹಳ ಜನ ಬರೋದು ಮನೆಲಿ ಸಾಲ, ಮಳೆ ಇಲ್ಲ, ಅಣ್ಣಂದಿರೆಲ್ಲ ಗುಳೆ ಹೋಗಿದಾರೆ, ನಾನೊಬ್ಬ ಅಲ್ಲಿದ್ದು ಏನ್ ಮಾಡ್ಲಿ ಅಂತ. ಅಂಥ ಮನೆಗೆ ಹುಡುಗನ್ನ ಬರಿಗೈಲಿ ಕಳಿಸಿದ್ರೆ ಮುಂದಿನ ರೈಲಿಗೆ ವಾಪಸ್. ಇದಕ್ಕೇ ಪ್ರಾಯೋಜಕತ್ವ ಅಂತ ಒಂದು ಇದೆ. ಮಿಷನ್ ವಾತ್ಸಲ್ಯದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ, ಹಳ್ಳಿಲಾದ್ರೆ ಮನೆ ವರಮಾನ ವರ್ಷಕ್ಕೆ 72,000 ಒಳಗಿರ್ಬೇಕು, ಬೇರೆ ಕಡೆ 96,000. ಇದು ತಾನಾಗೇ ಬರಲ್ಲ, ಸಮಿತಿ ಮುಂದೆ ಬಾಯಿಬಿಟ್ಟು ಕೇಳ್ಬೇಕು.

ಸೊಲ್ಯೂಷನ್ ವಿಷಯ. ಬೈಬೇಡಿ, ಬಟ್ಟೆ ಕಿತ್ಕೊಂಡು ಬಿಸಾಕ್ಬೇಡಿ, ಅವನು ಇನ್ನೊಂದು ತರ್ತಾನೆ. ಹಸಿವು, ಚಳಿ ಗೊತ್ತಾಗಲ್ಲ ಅಂತ ಎಳೆಯೋದು ಅದು, ಒಂದು ಪ್ಲೇಟ್ ಇಡ್ಲಿಗಿಂತ ಸುಲಭವಾಗಿ ಸಿಗುತ್ತೆ. ಒಂದ್ಸಲ ನೋಡಿದ್ದು ಅಂತೀರ, ಹಾಗಾದ್ರೆ ಇನ್ನೂ ಕೈಮೀರಿಲ್ಲ ಅಂತ ಅನ್ಕೊಳ್ಳೋಣ. ದಿನಾ ಎಳೀತಿದಾನೆ, ಮಾತು ತೊದಲ್ತಾ ಇದೆ, ಕಾಲು ತೂರಾಡುತ್ತೆ ಅಂದ್ರೆ ಅದಕ್ಕೆ ಟ್ರೀಟ್‌ಮೆಂಟ್ ಬೇಕು, ನಿಮ್ಹಾನ್ಸಲ್ಲಿ ಚಟ ಬಿಡಿಸೋದಕ್ಕೇ ಬೇರೆ ವಿಭಾಗ ಇದೆ. ಹೇಗೆ ಮಾತಾಡ್ಬೇಕು ಅಂತ ನಿಮಗೇ ಗೊತ್ತಾಗ್ತಿಲ್ಲ ಅಂದ್ರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಗೆ ನೀವೇ ಫೋನ್ ಮಾಡಿ ಕನ್ನಡದಲ್ಲಿ ಕೇಳ್ಬಹುದು, ಚಟಕ್ಕೇ ಅಂತ 14446 ಕೂಡ ಇದೆ. ಇನ್ನು ಅದನ್ನ ಅವನಿಗೆ ಮಾರ್ತಿರೋನು ಯಾರು ಅಂತ ನಿಮಗೆ ಗೊತ್ತಿದ್ರೆ ಅದು ಪೊಲೀಸ್ ಕೇಸು. ಮಗುವಿಗೆ ನಶೆ ಪದಾರ್ಥ ಕೊಟ್ರೆ 77ನೇ ಸೆಕ್ಷನಲ್ಲಿ 7 ವರ್ಷದ ತನಕ ಜೈಲು.

ಇಷ್ಟೆಲ್ಲ ರಗಳೆ ಯಾಕೆ, ಹುಡುಗ ಹೇಗೋ ಇನ್ನೆರಡು ವರ್ಷದಲ್ಲಿ ದೊಡ್ಡೋನಾಗ್ತಾನೆ, ಆಮೇಲೆ ದುಡ್ಕೊಂಡು ತಿಂತಾನೆ ಅಂತ ನಿಮಗೆ ಅನಿಸ್ಬಹುದು. ಇಲ್ಲೇ ಇರೋದು ಸಂಗತಿ. ಬಾಲಮಂದಿರದಂಥ ಕಡೆ ಇದ್ದು 18 ತುಂಬಿ ಹೊರಗೆ ಬರೋರಿಗೆ ಅನುಪಾಲನೆ ಅಂತ ಇದೆ, 21 ವರ್ಷದ ತನಕ, ಕೆಲವರಿಗೆ ವಿಶೇಷ ಸಂದರ್ಭ ಅಂತ ಇನ್ನೂ ಎರಡು ವರ್ಷ. ಇರೋಕೆ ಅನುಪಾಲನಾ ಗೃಹ, ತಿಂಗಳಿಗೆ 4,000, ಓದಿಗೋ ಟ್ರೈನಿಂಗಿಗೋ ಸಹಾಯ. ಆದ್ರೆ ಇದು ಸಂಸ್ಥೆಯೊಳಗಿದ್ದು ಹೊರಗೆ ಬಂದೋರಿಗೆ ಮಾತ್ರ. ನಿಮ್ಮ ಚಿಕ್ಕೋನು ಇವತ್ತು ಯಾವ ರಿಜಿಸ್ಟರಿಗೂ ಹತ್ತದೆ ಕಟ್ಟೆ ಮೇಲೇ 18 ದಾಟಿದ್ರೆ ಆ ದಾರಿ ಪೂರ್ತಿ ಮುಚ್ಚಿಹೋಗುತ್ತೆ. ಈಗ ಒಳಗೆ ಹೋದ್ರೆ ಬರೀ ಎರಡು ವರ್ಷದ ಊಟ ಅಲ್ಲ ಸಿಗೋದು, 21ರ ತನಕ ಸಹಾಯ ಕೇಳೋ ದಾರಿ. ಕಾಯ್ದೆಲಿ ಇದನ್ನ ಕೊಡ್ಲೇಬೇಕು ಅಂತ ಬರೆದಿಲ್ಲ ಕೊಡಬಹುದು ಅಂತ ಬರೆದಿದಾರೆ, ಹಾಗಾಗಿ ಬೆನ್ನು ಹತ್ತೋರು ಇದ್ರೆ ಸಿಗುತ್ತೆ ಇಲ್ದಿದ್ರೆ ಫೈಲಲ್ಲೇ ಇರುತ್ತೆ, ಅದೂ ನಿಜ.

ಈಗ ದೊಡ್ಡೋನು. ನಿಜವಾಗ್ಲೂ 19 ಆಗಿದ್ರೆ 1098 ಅವನಿಗಲ್ಲ. ಕಾಗದದ ಮೇಲೆ ಅವನಿಗಿರೋದು ನಗರದ ವಸತಿರಹಿತರ ಆಶ್ರಯ ಕೇಂದ್ರ. ಕೇಂದ್ರದ ನಗರ ಜೀವನೋಪಾಯ ಯೋಜನೆ ಹಾಕಿದ್ದ ಲೆಕ್ಕದಲ್ಲಿ ಒಂದು ಲಕ್ಷ ಜನಸಂಖ್ಯೆಗೆ 100 ಜನ ಹಿಡಿಯೋ ಒಂದು ಕೇಂದ್ರ ಇರ್ಬೇಕು, ದಿನದ 24 ಗಂಟೆನೂ ತೆರೆದಿರ್ಬೇಕು. 2011ರ ಜನಗಣತಿಲೇ ಪಾಲಿಕೆ ವ್ಯಾಪ್ತಿಲಿ 84 ಲಕ್ಷ ಜನ ಇದ್ರು, ಅಂದ್ರೆ ಆಗ್ಲೇ 84 ಕೇಂದ್ರ ಆಗ್ಬೇಕಿತ್ತು. ಆಗಿಲ್ಲ. ಇರೋ ಕಡೆನೂ ಹುಡುಗ್ರು ಹೋಗೋಕೆ ಹಿಂಜರೀತಾರೆ, ಕುಡಿದು ಬರೋರು, ಫೋನ್ ಕದಿಯೋರು, ಅದಕ್ಕಿಂತ ಕೆಟ್ಟದ್ದೂ ಇರುತ್ತೆ. ಮಳೆಗಾಲದಲ್ಲಿ ಮಲಗೋಕೆ, ಆಮೇಲೆ ಒಂದು ವಿಳಾಸದ ಪತ್ರ ತಗೊಳ್ಳೋಕೆ ಉಪಯೋಗಿಸ್ಕೊಳ್ಳಿ ಅಂತ ನಾನು ಹೇಳ್ತೀನಿ, ಅದನ್ನೇ ಪರಿಹಾರ ಅನ್ಕೊಬೇಡಿ. ಹೊಟ್ಟೆಗೆ ಇಂದಿರಾ ಕ್ಯಾಂಟೀನ್ ಇದ್ದೇ ಇದೆ, 2017ರಲ್ಲಿ ಶುರುವಾದಾಗ ತಿಂಡಿಗೆ 5 ಊಟಕ್ಕೆ 10 ಇತ್ತು, ದಿನಕ್ಕೊಂದು ಲೋಡ್ ಇಳಿಸಿದ್ರೂ ಮೂರು ಹೊತ್ತು ನಡೆಯುತ್ತೆ. ನಿಮ್ಮ ವ್ಯಾಪಾರಕ್ಕೆ ಹೊಡೆತ ಅಂತ ಬೈಕೊಬೇಡಿ.

ಅವನಿಗೆ ನನ್ನ ಸಲಹೆ ಬೇರೆ. ಸೂರು ಬೇಕು, ಕೆಲಸನೂ ಬೇಕು, ಎರಡೂ ಒಟ್ಟಿಗೆ ಕೊಡೋದು ವಸತಿ ಸಹಿತ ತರಬೇತಿ. ರುಡ್‌ಸೆಟ್ ಕೇಳಿರ್ತೀರ, 1982ರಲ್ಲಿ ಉಜಿರೆಲಿ ಧರ್ಮಸ್ಥಳದೋರು, ಆಗಿನ ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ್ದು, ಅದನ್ನ ನೋಡ್ಕೊಂಡೇ ಆಮೇಲೆ ದೇಶದಲ್ಲಿ ಜಿಲ್ಲೆಗೊಂದು ಆರ್‌ಸೆಟಿ ಅನ್ನೋ ತರಬೇತಿ ಕೇಂದ್ರ ಬಂತು. 18ರಿಂದ 45 ವರ್ಷದೋರಿಗೆ ಊಟ, ವಸತಿ, ಟ್ರೈನಿಂಗ್ ಎಲ್ಲ ಫ್ರೀ. ನಿಮಗೆ ಹತ್ರ ಅಂದ್ರೆ ನೆಲಮಂಗಲದ ಅರಿಶಿನಕುಂಟೆಲಿ ಇದೆ, ಯಶವಂತಪುರದಿಂದ ತುಮಕೂರು ರೋಡಲ್ಲಿ ಒಂದೇ ಬಸ್ಸು. ಮೊಬೈಲ್ ರಿಪೇರಿ, ಬೈಕ್ ರಿಪೇರಿ, ವೈರಿಂಗ್ ಈ ಥರದ್ದು, ವಾರಗಳ ಲೆಕ್ಕದಲ್ಲಿ ಮುಗಿಯೋ ಕೋರ್ಸು. ಇದು ಮುಖ್ಯವಾಗಿ ಹಳ್ಳಿ ಬಡವರಿಗೆ ಇರೋದು, ಹಾಗಾಗಿ ಊರಿನ ಬಿಪಿಎಲ್ ಕಾರ್ಡಲ್ಲಿ ಅವನ ಹೆಸರಿದ್ರೆ ಒಂದು ಜೆರಾಕ್ಸ್ ವಾಟ್ಸಾಪಲ್ಲಿ ತರಿಸ್ಕೊಳ್ಳಿ. ಅವ್ವನ ಜೊತೆ ಮಾತು ಬಿಟ್ಟಿದ್ರೂ ಅಕ್ಕನೋ ಚಿಕ್ಕಪ್ಪನೋ ಒಬ್ಬರು ಇದ್ದೇ ಇರ್ತಾರೆ. ಯುವನಿಧಿ ಸಿಗುತ್ತಾ ಅಂತ ಕೇಳೋರಿದಾರೆ, ಸಿಗಲ್ಲ, ಅದು ಡಿಗ್ರಿ ಡಿಪ್ಲೊಮಾ ಮುಗಿಸಿದೋರಿಗೆ.

ಕಾಗದ ಪತ್ರ ಒಂದು ದೊಡ್ಡ ತಲೆನೋವು. ಬ್ಯಾಗು ರೈಲಲ್ಲೇ ಹೋಯ್ತು, ಆಧಾರ್ ಇಲ್ಲ ಅಂತಾರೆ. ಹಾಗಂತ ಹೊಸದು ಮಾಡಿಸೋಕೆ ಹೋಗ್ಬೇಡಿ, ಶಾಲೆಗೆ ಹೋದೋನಿಗೆ ಆಧಾರ್ ಆಗಿರೋ ಸಾಧ್ಯತೆನೇ ಜಾಸ್ತಿ, ಹೊಸ ಅರ್ಜಿ ಹಾಕಿದ್ರೆ ಡೂಪ್ಲಿಕೇಟ್ ಅಂತ ರಿಜೆಕ್ಟ್ ಆಗುತ್ತೆ. ಆಧಾರ್ ಸೇವಾ ಕೇಂದ್ರಕ್ಕೆ ಕರ್ಕೊಂಡು ಹೋಗಿ ಬೆರಳಚ್ಚು ಕೊಟ್ಟು ಹಳೇದನ್ನ ಹುಡುಕ್ಸಿ. ನಿಜವಾಗ್ಲೂ ಇಲ್ಲ ಅಂದ್ರೆ ಮಾನ್ಯತೆ ಇರೋ ಆಶ್ರಯ ಕೇಂದ್ರದ ಮುಖ್ಯಸ್ಥರು ಕೊಡೋ ಪತ್ರನ ವಿಳಾಸಕ್ಕೆ ಒಪ್ತಾರೆ, ಮೇಲೆ ವಿಳಾಸದ ಪತ್ರ ಅಂದಿದ್ದು ಇದಕ್ಕೇ.

ನೀವು ಕೇಳಿಲ್ಲ, ಆದ್ರೂ ಇದೇ ಪರಿಸ್ಥಿತಿಲಿ ಹುಡುಗಿ ಕಂಡ್ರೆ ಕಾಯೋಕೆ ಹೋಗ್ಬೇಡಿ, ನಂಬಿಕೆ ಬರ್ಲಿ ಅಂತ ನಾನು ಮೇಲೆ ಹೇಳಿದ್ದೆಲ್ಲ ಅಲ್ಲಿಗೆ ಅನ್ವಯಿಸಲ್ಲ. 18ರ ಒಳಗಾದ್ರೆ 1098, ದಾಟಿದ್ರೆ ಮಹಿಳಾ ಸಹಾಯವಾಣಿ 181, ಕಷ್ಟದಲ್ಲಿರೋ ಹೆಂಗಸರಿಗಿರೋ ಸಖಿ ಕೇಂದ್ರದಲ್ಲಿ 5 ದಿನದ ತನಕ ಇರೋಕೆ ಕೊಡ್ತಾರೆ, ಅಷ್ಟರೊಳಗೆ ಮುಂದಿನ ಜಾಗ ನೋಡ್ತಾರೆ. ಮನೆಯಿಂದ ಹೊರಗೆ ಹಾಕಿಸ್ಕೊಂಡ ಟ್ರಾನ್ಸ್‌ಜೆಂಡರ್ ಮಕ್ಕಳ ಕಥೆ ಬೇರೆನೇ. 18 ದಾಟಿದೋರಿಗೆ ಗರಿಮಾ ಗೃಹ ಅಂತ ಕೇಂದ್ರ ಸರ್ಕಾರದ ಆಶ್ರಯ ಯೋಜನೆ ಇದೆ, ಬೆಂಗಳೂರಲ್ಲಿ ಸಂಗಮದಂಥ ಸಂಸ್ಥೆಗಳನ್ನ ಕೇಳಿದ್ರೆ ದಾರಿ ಹೇಳ್ತಾರೆ.

ಕೊನೆಗೆ, ಕೆಲಸಕ್ಕೆ ಇಟ್ಕೊಳ್ಳಲಾ ಅನ್ನೋದು. ಚಿಕ್ಕೋನ ವಿಷಯದಲ್ಲಿ ಬೇಡ ಅಂತೀನಿ. 14ರಿಂದ 18ರವರು ಅಪಾಯ ಇಲ್ಲದ ಕೆಲಸ ಮಾಡ್ಬಹುದು ಅಂತ ಕಾನೂನಲ್ಲಿದೆ ನಿಜ, ಆದ್ರೆ ರೆಸ್ಟ್ ಸೇರಿ ದಿನಕ್ಕೆ 6 ಗಂಟೆ ಮೀರ್ಬಾರದು, ರಾತ್ರಿ 7ರಿಂದ ಬೆಳಿಗ್ಗೆ 8ರ ತನಕ ಮಾಡಿಸ್ಲೇಬಾರದು, ವಾರಕ್ಕೊಂದು ರಜೆ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚೋ ಟಿಫನ್ ಅಂಗಡಿಲಿ ಇದು ಆಗೋ ಮಾತಾ ನೀವೇ ಹೇಳಿ. ಮೇಲಿನ ರೂಮಲ್ಲಿ ಇಟ್ಕೊಳ್ಳೋದೂ ಹಾಗೇ. ನೋಡ್ಕೊಳ್ಳೋರಿಲ್ದೆ ಇರೋ ಮಗುನ ನಿಮ್ಮ ವಶಕ್ಕೆ ತಗೊಂಡು 24 ಗಂಟೆಲಿ 1098ಗೋ ಪೊಲೀಸಿಗೋ ಸಮಿತಿಗೋ ತಿಳಿಸ್ದೆ ಇದ್ರೆ 6 ತಿಂಗಳ ತನಕ ಜೈಲು ಇಲ್ಲಾ 10,000 ದಂಡ, ಎರಡೂ ಹಾಕ್ಬಹುದು. ಒಳ್ಳೇ ಮನಸ್ಸಿಂದ ಮಾಡಿದೆ ಅಂದ್ರೂ, ನಾಳೆ ಆ ಹುಡುಗನಿಗೆ ಎಣ್ಣೆ ಬಾಣಲೆ ಬಿದ್ದು ಸುಟ್ರೆ ನಿಮ್ಮ ಪರವಾಗಿ ಮಾತಾಡೋಕೆ ಒಂದು ಚೀಟಿನೂ ಇರಲ್ಲ.

ದೊಡ್ಡೋನನ್ನ ಧಾರಾಳವಾಗಿ ಇಟ್ಕೊಳ್ಳಿ, ವಯಸ್ಸು ಖಾತ್ರಿ ಆದ ಮೇಲೆ. ಊಟ ಹಾಕ್ತೀನಲ್ಲ ಅಂತ ಸಂಬಳ ಕಡಿಮೆ ಮಾಡ್ಬೇಡಿ, ದುಡ್ಡು ನನ್ನತ್ರನೇ ಇರ್ಲಿ ಸೇರಿಸಿಡ್ತೀನಿ ಅಂತಲೂ ಹೇಳ್ಬೇಡಿ. ಮೇಸ್ತ್ರಿಗಳು ಹಿಂಗೆ ಹೇಳಿನೇ ಇವರ ದುಡ್ಡು ನುಂಗಿರ್ತಾರೆ, ನೀವು ಹೇಳಿದ್ರೂ ಅವನಿಗೆ ಕೇಳಿಸೋದು ಅದೇ ಮಾತು. ಜನಧನ್ ಅಕೌಂಟ್ ಮಾಡಿಸಿ ಅದಕ್ಕೇ ಹಾಕಿ. ಬ್ಯಾಂಕಿನ ಕಾಗದ, ಎಟಿಎಂ ಕಾರ್ಡು ಬರೋಕೆ ನಿಮ್ಮ ಅಂಗಡಿ ವಿಳಾಸ ಕೊಡಿ, ಪೋಸ್ಟ್‌ಮ್ಯಾನ್‌ಗೆ ಅವನ ಹೆಸರು ಹೇಳಿಡಿ.